ಮಳೆ ಚೆನ್ನಾಗಿ ಬಂದರೂ ಬೋರು ಯಾಕೆ ಬತ್ತುತ್ತದೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕು. ತಾತನ ಕಾಲದ ತೆರೆದ ಬಾವಿ 40 ಅಡಿ ಇದೆ. ಅದರಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆದು ಎರಡು ಎಕರೆ ಬೆಳೆಯುತ್ತಿದ್ದರಂತೆ. ಅದು ಬತ್ತಿದ ಮೇಲೆ ಅಪ್ಪ 300 ಅಡಿ ಬೋರು ಹಾಕಿಸಿದರು. ಅದೂ ನಿಂತಿತು, ನಾನು 1,100 ಅಡಿಗೆ ಹೋದೆ. 2021ರಲ್ಲಿ ಕೆರೆ ಕೋಡಿ ಬಿದ್ದಾಗ ಬೋರಿನಲ್ಲಿ ನೀರು ತುಂಬಾ ಮೇಲೆ ಬಂದಿತ್ತು. ಇನ್ನು ಹತ್ತು ವರ್ಷ ಯೋಚನೆ ಇಲ್ಲ ಅಂದುಕೊಂಡೆವು. ಎರಡೇ ವರ್ಷಕ್ಕೆ ಮತ್ತೆ ಗಾಳಿ ಬರತೊಡಗಿತು. ಪಕ್ಕದ ಹೊಲದವರು ಹೊಸ ಬೋರು ಹಾಕಿಸಿದ್ದೇ ಕಾರಣವಾ? ಕೆಳಗೆ ನದಿ ಹರಿಯುತ್ತದಂತೆ, 1,500 ಅಡಿ ಹೋಗೋಣ ಅನ್ನುತ್ತಾನೆ ಮಗ. ಸಾಲ ಮಾಡಿ ಕೊರೆಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮನೆಯ ದುಡ್ಡು ಅದರ ಮೇಲೆ ನಿಂತಿದೆ. ಸಾಲ ಮಾಡಿ 1,500 ಅಡಿ ಕೊರೆಸಬೇಡಿ. ಕೆಳಗೆ ಯಾವ ನದಿಯೂ ಇಲ್ಲ. ನೀರು ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದೂವರೆ ಇಂಚು ಬರಬಹುದು, ಒಂದು ಬೇಸಿಗೆ ಓಡಲೂಬಹುದು. ಆದರೆ ಸಾಲ ತೀರುವ ತನಕ ಆ ನೀರು ನಿಲ್ಲುತ್ತದೆ ಅನ್ನುವುದಕ್ಕೆ ನಿಮ್ಮ ನೆಲದಲ್ಲಿ ಆಧಾರವಿಲ್ಲ. ಯಾಕೆ ಅಂತ ಹೇಳುತ್ತೇನೆ. ನಿಮ್ಮ ಮಗನಿಗೂ ಓದಿ ಹೇಳಿ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಅನ್ನುವ ಗಟ್ಟಿ ಕಲ್ಲು. 250 ಕೋಟಿ ವರ್ಷ, ಕೆಲವು ಕಡೆ ಅದಕ್ಕೂ ಹಳೆಯದು. ಈ ಕಲ್ಲು ತನ್ನ ಮೈಯೊಳಗೆ ನೀರು ಹಿಡಿಯುವುದಿಲ್ಲ. ಅದರ ಮೇಲ್ಭಾಗ ಮಾತ್ರ ಮಳೆ ಬಿಸಿಲಿಗೆ ಸಿಕ್ಕಿ ಕಳಿತು, ಗರಸು ಮಣ್ಣಾಗಿದೆ. ಕೆಲವು ಹೊಲಗಳಲ್ಲಿ ಈ ಗರಸು 30 ಅಡಿಗೇ ಮುಗಿಯುತ್ತದೆ, ಕೆಲವು ಕಡೆ 80-100 ಅಡಿ ಇರುತ್ತದೆ. ನಿಮ್ಮ ಹೊಲದಲ್ಲಿ ಎಷ್ಟಿದೆ ಅಂತ ಬೇರೆ ಯಾರನ್ನೂ ಕೇಳಬೇಕಿಲ್ಲ. ಬೋರು ಹಾಕಿಸಿದಾಗ ಎಷ್ಟು ಅಡಿ ಕೇಸಿಂಗ್ ಪೈಪು ಇಳಿಸಿದರೋ ನೆನಪು ಮಾಡಿಕೊಳ್ಳಿ. ಹೆಚ್ಚು ಕಡಿಮೆ ಅಲ್ಲಿಗೆ ಗರಸು ಮುಗಿದು ಬಂಡೆ ಶುರುವಾಗಿದೆ.

ನಿಮ್ಮ ಸೀಮೆಯ ನಿಜವಾದ ನೀರಿನ ಕಣಜ ಈ ಗರಸು. ನೂರು ಲೀಟರ್ ಗರಸಿನಲ್ಲಿ ನೀರು ತುಂಬಿದ್ದರೆ ನಾವು ಎತ್ತಿಕೊಳ್ಳಲು ಸಿಗುವುದು ಎರಡು, ಹೆಚ್ಚೆಂದರೆ ಮೂರು ಲೀಟರ್. ಬಹಳ ಕಡಿಮೆ ಅನಿಸಬಹುದು. ಆದರೆ ಕೆಳಗಿನ ಬಂಡೆಯಲ್ಲಿ ಬಹಳ ಕಡೆ ಅದರ ಹತ್ತನೇ ಒಂದು ಪಾಲು ಕೂಡ ಸಿಗುವುದಿಲ್ಲ. ಅಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ರಿಗ್ಗಿನವರು ‘ಗ್ಯಾಪ್ ಸಿಕ್ಕಿತು’ ಅನ್ನುತ್ತಾರಲ್ಲ, ಅದೇ. ಆಳಕ್ಕೆ ಹೋದಷ್ಟೂ ಈ ಬಿರುಕುಗಳು ವಿರಳವಾಗುತ್ತವೆ. ಮೇಲಿನ ಬಂಡೆಯ ಭಾರಕ್ಕೆ ಬಾಯಿ ಮುಚ್ಚಿಕೊಳ್ಳುತ್ತವೆ. ಆ ಬಿರುಕುಗಳಿಗೆ ನೀರು ಬರುವುದಾದರೂ ಎಲ್ಲಿಂದ? ಮೇಲಿನ ಗರಸಿನಿಂದಲೇ. ಅಂದರೆ ತಾತನ ಬಾವಿ, ಅಪ್ಪನ ಬೋರು, ನಿಮ್ಮ ಬೋರು ಮೂರೂ ಒಂದೇ ನೀರನ್ನು ಬೇರೆ ಬೇರೆ ಆಳದಿಂದ ಎತ್ತಿವೆ. ಆಳದಲ್ಲಿ ಕೆಲವು ಕಡೆ ಹಳೆಯ ನೀರು ನಿಂತಿರುತ್ತದೆ, ನಿಜ. ಒಂದು ಸಲ ಎತ್ತಿದರೆ ಅದು ಬೇಗ ತುಂಬುವುದಿಲ್ಲ.

2021ರಲ್ಲಿ ಆಗಿದ್ದು ಏನು ಅನ್ನುವುದು ಈಗ ಅರ್ಥವಾಗುತ್ತದೆ. ಒಂದು ಲೋಟ ನೀರನ್ನು ಸಣ್ಣ ಕೊಳವೆಗೆ ಹುಯ್ದರೆ ಕಂಠದವರೆಗೂ ಏರುತ್ತದೆ. ಅದೇ ಲೋಟವನ್ನು ಹಂಡೆಗೆ ಹುಯ್ದರೆ ತಳವೂ ಸರಿಯಾಗಿ ನೆನೆಯುವುದಿಲ್ಲ. ಬಂಡೆಯ ಬಿರುಕುಗಳು ಆ ಕೊಳವೆಯ ಹಾಗೆ. ಸ್ವಲ್ಪ ನೀರು ಇಳಿದರೂ ಬೋರಿನ ಮಟ್ಟ ನೂರಾರು ಅಡಿ ಮೇಲೆ ಬಂದುಬಿಡುತ್ತದೆ. ನೋಡಿದವರಿಗೆ ನೆಲವೆಲ್ಲ ತುಂಬಿತು ಅನಿಸುತ್ತದೆ. ಊರಿಗೆ ಊರೇ ಹಾಗೆ ನಂಬುತ್ತದೆ. ನಂಬಿ ಟೊಮೆಟೊ, ಹಿಪ್ಪುನೇರಳೆ, ಹೂವು, ಕ್ಯಾರೆಟ್ ಅಂತ ನೀರಾವರಿ ಜಾಸ್ತಿ ಮಾಡುತ್ತದೆ. ಆ ಸಣ್ಣ ಸಂಗ್ರಹ ಎಷ್ಟು ಬೇಗ ಏರಿತೋ ಅಷ್ಟೇ ಬೇಗ ಇಳಿಯುತ್ತದೆ. ಅದರ ಮೇಲೆ 2023ರಲ್ಲಿ ಮಳೆಯೂ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ ಅದು. ನಿಮ್ಮ ಬೋರಿನಲ್ಲಿ ಗಾಳಿ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೋರಿನ ಮಟ್ಟ ನೋಡಿ ನೀರಿನ ಪ್ರಮಾಣ ಅಳೆಯಬೇಡಿ. ತಾತನ ಬಾವಿ ನೋಡಿ. ಅದರಲ್ಲಿ ಬೇಸಿಗೆಯಲ್ಲೂ ನೀರು ನಿಂತರೆ ಮಾತ್ರ ಗರಸು ತುಂಬಿದೆ ಅಂತ ಅರ್ಥ.

ಇನ್ನು ಲೆಕ್ಕಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಸಮಸ್ಯೆ ಇಲ್ಲಿದೆ. ನಿಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. ಗಟ್ಟಿ ಕಲ್ಲಿನ ಸೀಮೆಯಲ್ಲಿ ಅದರ ಹತ್ತನೇ ಒಂದು ಪಾಲು ನೆಲದೊಳಕ್ಕೆ ಇಳಿದು ಅಂತರ್ಜಲ ಸೇರಿದರೆ ಹೆಚ್ಚು. ಉಳಿದದ್ದು ಆವಿಯಾಗುತ್ತದೆ, ಗಿಡಮರ ಕುಡಿಯುತ್ತವೆ, ಸ್ವಲ್ಪ ಹರಿದು ಹೋಗುತ್ತದೆ. ಒಂದು ಎಕರೆಗೆ 70 ಮಿಲಿಮೀಟರ್ ಅಂದರೆ ಸುಮಾರು 2.8 ಲಕ್ಷ ಲೀಟರ್. ಇದು ಒಂದು ಎಕರೆ ನೆಲದ ವರ್ಷದ ಸಂಪಾದನೆ.

ಐದು ಜನರ ಮನೆಗೆ, ತಲೆಗೆ ದಿನಕ್ಕೆ 100 ಲೀಟರ್ ಹಾಕಿದರೂ, ವರ್ಷಕ್ಕೆ 1.8 ಲಕ್ಷ ಲೀಟರ್ ಸಾಕು. ಒಂದೇ ಎಕರೆಯ ಸಂಪಾದನೆಯಲ್ಲಿ ಮನೆ ನಡೆದು ಇನ್ನೂ ಉಳಿಯುತ್ತದೆ. ಆದರೆ ಬೇಸಿಗೆಯ ಒಂದು ಎಕರೆ ಟೊಮೆಟೊಗೆ, ಹನಿ ನೀರಾವರಿಯಲ್ಲೇ, ಸುಮಾರು 20 ಲಕ್ಷ ಲೀಟರ್ ಬೇಕು. ಅದು ಏಳು ಎಕರೆಯ ಸಂಪಾದನೆ. ಒಂದು ಎಕರೆ ಭತ್ತಕ್ಕೆ 48 ಲಕ್ಷ ಲೀಟರಿನ ಹತ್ತಿರ ಬೇಕು. ಅದು 17 ಎಕರೆಯದ್ದು. ಈಗ ಸಾವಿರ ಎಕರೆ ವಿಸ್ತೀರ್ಣದ ಒಂದು ಊರು ತೆಗೆದುಕೊಳ್ಳಿ. ಇಡೀ ಊರಿನ ನೆಲ ವರ್ಷಕ್ಕೆ ಒಳಗೆ ಇಳಿಸಿಕೊಳ್ಳುವ ನೀರು ಸುಮಾರು 28 ಕೋಟಿ ಲೀಟರ್. 140 ಎಕರೆಯಲ್ಲಿ ಒಂದೇ ಒಂದು ಬೆಳೆ ಟೊಮೆಟೊ ಇಟ್ಟರೆ ಅಷ್ಟೂ ಮುಗಿದುಹೋಯಿತು. ಎರಡು ಬೆಳೆ ತೆಗೆದರೆ 70 ಎಕರೆಗೇ ಮುಗಿಯಿತು. ಕೆರೆ ಕುಂಟೆ ಚೆನ್ನಾಗಿದ್ದರೆ ಇನ್ನೂ ಸ್ವಲ್ಪ ಸೇರಿಸಿಕೊಳ್ಳಿ. ಆದರೂ ನಿಮ್ಮ ಊರಿನಲ್ಲಿ ಎಷ್ಟು ಎಕರೆಗೆ ಬೋರಿನ ನೀರು ಹರಿಯುತ್ತಿದೆ ಅಂತ ಒಮ್ಮೆ ಎಣಿಸಿ ನೋಡಿ.

ದೇಶದ ಲೆಕ್ಕವೂ ಇದೇ ದಾರಿಯಲ್ಲಿದೆ. ಕೇಂದ್ರ ಅಂತರ್ಜಲ ಮಂಡಳಿ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಭಾರತದಲ್ಲಿ ಎತ್ತುವ ಅಂತರ್ಜಲದಲ್ಲಿ ಸುಮಾರು ಶೇ 87 ಹೋಗುವುದು ಬೇಸಾಯಕ್ಕೆ. ವರ್ಷಕ್ಕೆ ಸಿಗುವ ನೀರಿಗಿಂತ ಜಾಸ್ತಿ ಎತ್ತುವ ಪ್ರದೇಶವನ್ನು ಮಂಡಳಿ ‘ಅತಿ ಬಳಕೆ’ಯ ಪಟ್ಟಿಗೆ ಸೇರಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ತಾಲ್ಲೂಕುಗಳು ವರ್ಷಾನುಗಟ್ಟಲೆಯಿಂದ ಆ ಪಟ್ಟಿಯಲ್ಲಿವೆ.

ಪಕ್ಕದ ಹೊಲದವರ ವಿಷಯ ಕೇಳಿದ್ದೀರಿ. ಹೌದು, ಅವರ ಬೋರಿನಿಂದ ನಿಮ್ಮದಕ್ಕೆ ಪೆಟ್ಟು ಬಿದ್ದಿರಬಹುದು. ಒಂದೇ ಬಿರುಕಿನ ಜಾಡು ಎರಡೂ ಬೋರಿಗೆ ತಾಗಿದ್ದರೆ ಆಳದ್ದು ಮೊದಲು ಎಳೆದುಕೊಳ್ಳುತ್ತದೆ. ಹಾಗೆಯೇ ನೀವು 1,100 ಅಡಿಗೆ ಹೋದಾಗ ಇನ್ಯಾರದೋ 500 ಅಡಿ ಬೋರು ನಿಂತಿರಬಹುದು. ಇದರಲ್ಲಿ ಯಾರನ್ನೂ ದೂರುವುದು ನನಗೆ ಸರಿ ಕಾಣುವುದಿಲ್ಲ. 1882ರ ಈಸ್‌ಮೆಂಟ್ಸ್ (ಜಮೀನಿನ ಬಳಕೆ ಹಕ್ಕುಗಳ) ಕಾಯಿದೆಯ ಕಾಲದಿಂದಲೂ ಭೂಮಿ ಯಾರದೋ ಅದರ ಕೆಳಗಿನ ನೀರು ಎತ್ತುವ ಹಕ್ಕೂ ಅವರದೇ ಅನ್ನುವ ರೀತಿಯಲ್ಲಿ ನಡೆದುಕೊಂಡು ಬಂದಿದೆ. ನೀರಿಗೆ ಮಾತ್ರ ಬದುವಿನ ಗುರುತು ಗೊತ್ತಿಲ್ಲ. 2008ರಿಂದ ರಾಜ್ಯದಲ್ಲಿ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ನಾಲೆ ಇಲ್ಲದ ಸೀಮೆ, ವರ್ಷವಿಡೀ ಹರಿಯುವ ಹೊಳೆ ಇಲ್ಲ, ರಾಗಿಗೆ ತರಕಾರಿಯಷ್ಟು ದುಡ್ಡು ಸಿಗುವುದಿಲ್ಲ. ಇಂಥ ಕಡೆ ರೈತ ಬೋರಿನ ಮೊರೆ ಹೋಗದೆ ಏನು ಮಾಡಬೇಕಿತ್ತು? ತಪ್ಪು ಒಬ್ಬ ರೈತನದ್ದಲ್ಲ. ಆದರೆ ನಷ್ಟ ಮಾತ್ರ ಒಬ್ಬೊಬ್ಬ ರೈತನದ್ದೇ ಆಗುತ್ತಿದೆ, ಅದು ನನಗೆ ತುಂಬಾ ಸಂಕಟ ತರುವ ವಿಷಯ.

ಕರೆಂಟಿನ ಲೆಕ್ಕವನ್ನೂ ಒಮ್ಮೆ ನೋಡಿ. 40 ಅಡಿಯಿಂದ 10,000 ಲೀಟರ್ ಎತ್ತಲು ಒಂದು ಯೂನಿಟ್ ಸಾಕು. 1,000 ಅಡಿಯಿಂದ ಅಷ್ಟೇ ನೀರು ಎತ್ತಲು 20 ಯೂನಿಟ್ ದಾಟುತ್ತದೆ. ಬಿಲ್ಲು ನಿಮ್ಮ ಮನೆಗೆ ಬರುವುದಿಲ್ಲ. ಆದರೆ ಯಾರೋ ಕಟ್ಟುತ್ತಿದ್ದಾರೆ ಅಲ್ವಾ?

ಅಂತರ್ಜಲ ಕುಸಿದರೆ ಬೋರು ಮಾತ್ರ ಬತ್ತುವುದಿಲ್ಲ, ಹೊಳೆಗಳೂ ಬತ್ತುತ್ತವೆ. ಇದನ್ನು ಜನ ಗಮನಿಸುವುದು ಕಡಿಮೆ. ನಿಮ್ಮ ನೆರೆಯ ನಂದಿ ಬೆಟ್ಟದ ಸುತ್ತಮುತ್ತಲೇ ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ ಹುಟ್ಟುತ್ತವೆ. ಮೊದಲು ಗರಸು ತುಂಬಿದಾಗ ತಗ್ಗಿನಲ್ಲಿ ನೀರು ತಾನೇ ಒಸರಿ ಹಳ್ಳಕ್ಕೆ ಸೇರುತ್ತಿತ್ತು. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಳ್ಳ ಹರಿಯುತ್ತಿದ್ದದ್ದು ಆ ನೀರಿನಿಂದ. ಹಳ್ಳದ ಮರಳು ಬಗೆದರೆ ಚಿಲುಮೆ ಸಿಗುತ್ತಿತ್ತು ಅಂತ ನಿಮ್ಮ ಕಡೆಯ ಹಿರಿಯರು ಹೇಳುವುದೂ ಇದನ್ನೇ. ಬೆಂಗಳೂರಿಗೆ ಕುಡಿಯುವ ನೀರು ಕೊಡಲು ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಮಾಡಿದರು. ಈಗ ತಿಪ್ಪಗೊಂಡನಹಳ್ಳಿಗೆ ಬರುವ ನೀರು ಹಿಂದಿಗೆ ಹೋಲಿಸಿದರೆ ತೀರಾ ಕಡಿಮೆ. ಮಳೆ ಕಡಿಮೆಯಾಗಿದ್ದೇ ಕಾರಣ ಅಂತ ಬಹಳ ಜನ ಭಾವಿಸಿದ್ದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಳೆಯ ಮೇಲೆ ತಪ್ಪು ಹೊರಿಸಲು ಆಧಾರ ಸಿಗಲಿಲ್ಲ. ಮುಖ್ಯವಾಗಿ ಕಂಡದ್ದು ಎರಡು: ಬೋರುಗಳಿಂದ ನೀರೆತ್ತುವುದು, ಮತ್ತು ನೀಲಗಿರಿ ತೋಪುಗಳು. ನೀಲಗಿರಿ ಬೇರು ಆಳಕ್ಕೆ ಹೋಗಿ, ಕೆಳಗೆ ಇಳಿಯಬೇಕಾದ ತೇವವನ್ನು ದಾರಿಯಲ್ಲೇ ಹೀರಿಕೊಳ್ಳುತ್ತದೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿತು. ಅದು ಸರಿಯಾದ ಕೆಲಸ, ತಡವಾಗಿ ಬಂತು.

ಗಟ್ಟಿ ಕಲ್ಲಿನ ಸೀಮೆಗೆ ಮಾತ್ರ ಈ ಕಷ್ಟ ಅಂತ ತಿಳಿಯಬೇಡಿ. ಪಂಜಾಬ್, ಹರಿಯಾಣದ ಕಡೆ ನೆಲದಡಿ ನೂರಾರು ಅಡಿ ಮರಳು, ಮೆಕ್ಕಲು ಮಣ್ಣಿದೆ. ನೀರು ಹಿಡಿಯುವ ಶಕ್ತಿ ನಮ್ಮ ಗರಸಿಗಿಂತ ಎಷ್ಟೋ ಪಾಲು ಜಾಸ್ತಿ. ಅಲ್ಲೂ ಖಾಲಿಯಾಗುತ್ತಿದೆ. 2002ರಲ್ಲಿ ಹಾರಿಸಿದ ಗ್ರೇಸ್ ಅನ್ನುವ ಜೋಡಿ ಉಪಗ್ರಹಗಳು ಭೂಮಿಯ ಸೆಳೆತದಲ್ಲಿ ಆಗುವ ಸಣ್ಣ ಬದಲಾವಣೆಯನ್ನೂ ಅಳೆಯುತ್ತಿದ್ದವು. ಪಂಜಾಬ್, ಹರಿಯಾಣ, ದೆಹಲಿ, ರಾಜಸ್ಥಾನದ ಕೆಳಗಿಂದ ಆರು ವರ್ಷದಲ್ಲಿ 109 ಘನ ಕಿಲೋಮೀಟರ್ ನೀರು ಕಳೆದುಹೋಗಿದೆ ಅಂತ ಆ ಅಳತೆಯಿಂದ ಲೆಕ್ಕ ಹಾಕಿದರು. ಸುಮಾರು 78 ಕೃಷ್ಣರಾಜಸಾಗರಗಳಷ್ಟು.

ಆದರೆ ನಮ್ಮ ಗರಸಿಗೆ ಒಂದು ಒಳ್ಳೆಯ ಗುಣವಿದೆ. ಸಣ್ಣದಾದ್ದರಿಂದ ಬೇಗ ಖಾಲಿಯಾಗುತ್ತದೆ, ಎತ್ತುವುದು ಕಡಿಮೆಯಾದರೆ ಬೇಗ ತುಂಬುತ್ತದೆ ಕೂಡ. ಮೇಲೆ ಹೇಳಿದ 70 ಮಿಲಿಮೀಟರ್ ನೀರು, ನೂರಕ್ಕೆ ಎರಡರಂತೆ ಹಿಡಿಯುವ ಗರಸಿನಲ್ಲಿ ಮಟ್ಟವನ್ನು ಹನ್ನೊಂದು ಅಡಿ ಏರಿಸಬಲ್ಲದು. ಯಾರೂ ಎತ್ತದಿದ್ದರೆ ನಾಲ್ಕೈದು ಸಾಧಾರಣ ಮಳೆಗಾಲ ಸಾಕು, ತೆರೆದ ಬಾವಿಗಳಲ್ಲಿ ನೀರು ಕಾಣುತ್ತದೆ. ಯಾರೂ ಎತ್ತದೆ ಇರುವುದು ಆಗದ ಮಾತು. ವರ್ಷಕ್ಕೆ ಇಳಿದದ್ದರಲ್ಲಿ ಅರ್ಧ ಎತ್ತಿದರೆ ಅದರ ಎರಡರಷ್ಟು ಕಾಲ ಹಿಡಿಯುತ್ತದೆ. ಪಂಜಾಬಿನವರಿಗೆ ಇಷ್ಟು ಬೇಗ ಫಲ ಸಿಗುವುದಿಲ್ಲ.

ಈ ಮಾತಿಗೆ ಒಂದು ಊರಿನ ಆಧಾರವಿದೆ. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಹಿವರೆ ಬಾಜಾರ್‌ನಲ್ಲಿ ನಮಗಿಂತ ಕಡಿಮೆ ಮಳೆ, ಅಲ್ಲೂ ಗಟ್ಟಿ ಕಲ್ಲು. ಅಲ್ಲಿಯ ಸರಪಂಚ ಪೋಪಟರಾವ್ ಪವಾರ್ ಮತ್ತು ಊರಿನವರು ಸೇರಿ ಬೆಟ್ಟದ ಮೇಲೆ ಬದು, ಕಾಲುವೆ ಮಾಡಿ ನೀರು ಇಂಗಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರ ಕತೆಯೂ ನಮ್ಮ ಕತೆಯೇ ಆಗುತ್ತಿತ್ತು. ಬೇಸಾಯಕ್ಕೆ ಬೋರು ಕೊರೆಸುವಂತಿಲ್ಲ, ಕಬ್ಬು ಬಾಳೆ ಇಡುವಂತಿಲ್ಲ ಅಂತ ಊರೇ ಕಟ್ಟು ಮಾಡಿತು. ಪ್ರತಿ ವರ್ಷ ಮಳೆ ಅಳೆದು, ಕುಡಿಯಲು ಎತ್ತಿಟ್ಟು, ಉಳಿದದ್ದಕ್ಕೆ ಯಾವ ಬೆಳೆ ಅಂತ ಗ್ರಾಮಸಭೆಯಲ್ಲಿ ಮಾತಾಡುತ್ತಾರೆ. ಇಂಗಿಸುವುದಕ್ಕಿಂತ ಈ ಎರಡನೇ ಭಾಗ ಕಷ್ಟ, ಮತ್ತು ಅದೇ ಮುಖ್ಯ. ನಮ್ಮಲ್ಲಿ ಇಂಗುಗುಂಡಿಗೆ ದುಡ್ಡು ಸಿಗುತ್ತದೆ, ಫಲಕ ಹಾಕಿ ಉದ್ಘಾಟನೆಯೂ ಆಗುತ್ತದೆ. ಎತ್ತುವುದನ್ನು ಕಡಿಮೆ ಮಾಡೋಣ ಅನ್ನುವ ಮಾತು ಯಾವ ಸಭೆಯಲ್ಲೂ ಏಳುವುದಿಲ್ಲ.

ಹನಿ ನೀರಾವರಿಯ ಬಗ್ಗೆಯೂ ಇದೇ ಎಚ್ಚರಿಕೆ ಬೇಕು. ಅದು ಒಳ್ಳೆಯದೇ. ಆದರೆ ಒಂದು ಎಕರೆಯಲ್ಲಿ ಉಳಿಸಿದ ನೀರಿನಿಂದ ಇನ್ನೊಂದು ಎಕರೆ ಶುರು ಮಾಡಿದರೆ ನೆಲಕ್ಕೆ ಏನೂ ಉಳಿಯಲಿಲ್ಲ. ಹನಿ ಪೈಪು ಹಾಕಿದ ಮೇಲೆ ಎಕರೆ ಬೆಳೆಸದೆ ಇರುವವರಿಗೆ ಮಾತ್ರ ಅದು ನೀರುಳಿತಾಯ.

ನಿಮ್ಮ ತಾಲ್ಲೂಕಿನ ಕೆಲವು ಕೆರೆಗಳಿಗೂ ಕೆ.ಸಿ. ವ್ಯಾಲಿ ಯೋಜನೆಯ ನೀರು ಸೇರುತ್ತದೆ. 2018ರಲ್ಲಿ ಶುರುವಾದ ಯೋಜನೆ ಅದು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕಡೆ ಹರಿಸುತ್ತಾರೆ. ಕೆರೆ ತುಂಬಿದ ಕಡೆ ಸುತ್ತಲಿನ ಬಾವಿ, ಬೋರುಗಳಲ್ಲಿ ಮಟ್ಟ ಏರಿರುವುದು ನಿಜ. ಬತ್ತಿದ ಸೀಮೆಗೆ ಅದು ಸಣ್ಣ ಸಹಾಯವಲ್ಲ. ಆದರೆ ನನ್ನ ಅಭಿಪ್ರಾಯ ಇಷ್ಟು: ಅಂತರ್ಜಲಕ್ಕೆ ಇಳಿಸುವ ನೀರನ್ನು ಮೂರನೇ ಹಂತದ ತನಕ ಶುದ್ಧ ಮಾಡಲೇಬೇಕು. ಒಮ್ಮೆ ಗರಸು ಕೆಟ್ಟರೆ ಅದನ್ನು ತೊಳೆಯುವ ದಾರಿ ನಮಗೆ ಗೊತ್ತಿಲ್ಲ. ಅಂಥ ಕೆರೆಯ ಹತ್ತಿರದ ಬಾವಿ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ.

ಇನ್ನು ನೀವು ಮಾಡಬಹುದಾದದ್ದು. ತಾತನ ಬಾವಿಯನ್ನು ಮುಚ್ಚಬೇಡಿ. ಕಸ ಹಾಕಿದ್ದರೆ ತೆಗೆಸಿ, ಹೂಳೆತ್ತಿಸಿ. ಹೊಲದ ಮಳೆ ನೀರು ಅದಕ್ಕೆ ಇಳಿಯುವ ಹಾಗೆ ಮಾಡಿ. ನೇರವಾಗಿ ಬಿಡಬೇಡಿ. ಮೊದಲು ಒಂದು ಗುಂಡಿಯಲ್ಲಿ ಮಣ್ಣು ನಿಲ್ಲಬೇಕು, ಆಮೇಲೆ ದಪ್ಪ ಕಲ್ಲು, ಜಲ್ಲಿ, ಮರಳು ದಾಟಿ ಬಾವಿ ಸೇರಬೇಕು. ಗೊಬ್ಬರ, ಔಷಧಿ ಹೊಡೆದ ತಾಕಿನ ನೀರು, ದನದ ಕೊಟ್ಟಿಗೆಯ ನೀರು ಬೇಡವೇ ಬೇಡ. ಬತ್ತಿದ ಬೋರಿನೊಳಕ್ಕೆ ಕೆಂಪು ನೀರು ಹಾಗೇ ಸುರಿಯುವವರಿದ್ದಾರೆ. ಬಿರುಕು ಹೂಳಿನಿಂದ ಮುಚ್ಚಿಹೋಗುತ್ತದೆ, ಕುಡಿಯುವ ನೀರೂ ಕೆಡುತ್ತದೆ. ಕೈಬಿಟ್ಟ ಬೋರಿಗೆ ಮುಚ್ಚಳ ಬಿಗಿಸಿ. ಮಕ್ಕಳು ಬೀಳುವ ಅಪಾಯ ಬೇರೆ ಇದೆ.

1,500 ಅಡಿಗೆ ಹಾಕಬೇಕೆಂದಿದ್ದ ದುಡ್ಡಿನಲ್ಲಿ ಒಂದು ಪಾಲು ಸಾಕು, ಟಾರ್ಪಾಲು ಹಾಸಿದ ಕೃಷಿ ಹೊಂಡ ಆಗುತ್ತದೆ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಸಹಾಯಧನ ಸಿಗುತ್ತದೆಯೇ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳಿ. ಹೊಂಡದ ನೀರನ್ನು ಬೇಸಿಗೆ ಬೆಳೆಗೆ ನೆಚ್ಚಬೇಡಿ. ಮುಂಗಾರಿನಲ್ಲಿ ಮಳೆ ತಡೆದಾಗ ರಾಗಿ, ಅವರೆ, ತೊಗರಿಗೆ ಒಂದೆರಡು ಸಲ ನೀರು ಕೊಟ್ಟರೂ ಬೆಳೆ ಕೈಗೆ ಬರುತ್ತದೆ. ಬೋರಿನಲ್ಲಿ ಬರುವಷ್ಟು ನೀರಿಗೆ ಅರ್ಧ ಎಕರೆ ತರಕಾರಿ ಮಾತ್ರ ಇಡಿ. ಮಳೆಗಾಲ ಮುಗಿದ ಮೇಲೆ, ನವೆಂಬರಿನಲ್ಲಿ, ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ಮಟ್ಟ ಅಳೆದು ಬರೆದಿಡಿ. ಅಕ್ಕಪಕ್ಕದ ನಾಲ್ಕು ಬಾವಿಗಳವರೂ ಹಾಗೆ ಮಾಡಿದರೆ ಎಷ್ಟು ಬೆಳೆ ಇಡಬಹುದು ಅನ್ನುವ ಮಾತು ತಾನಾಗಿ ಬರುತ್ತದೆ. ಅಳತೆ ಇಲ್ಲದೆ ಸುಮ್ನೆ ಮಾತಾಡಿದರೆ ಜಗಳವೇ ಆಗುತ್ತದೆ.

ಇಷ್ಟು ಹೇಳಿದ ಮೇಲೂ ಕೊರೆಸಲೇಬೇಕು ಅಂತ ಮನೆಯಲ್ಲಿ ತೀರ್ಮಾನವಾದರೆ, 2011ರ ರಾಜ್ಯ ಅಂತರ್ಜಲ ಕಾನೂನಿನ ಪ್ರಕಾರ ಅಧಿಸೂಚಿತ ತಾಲ್ಲೂಕಿನಲ್ಲಿ ಮೊದಲು ಅನುಮತಿ ಪಡೆಯಬೇಕು. ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಯಿಂದ ಜಾಗ ತೋರಿಸಿಕೊಳ್ಳಿ. ತೆಂಗಿನಕಾಯಿ ಹಿಡಿದು ಪಾಯಿಂಟ್ ಹಾಕುವವರ ಮಾತಿಗೆ ಲಕ್ಷಗಟ್ಟಲೆ ದುಡ್ಡು ಇಡಬೇಡಿ. ಎಲ್ಲಿಗೆ ನಿಲ್ಲಿಸಬೇಕು ಅಂತ ರಿಗ್ಗು ಬರುವ ಮೊದಲೇ ಬರೆದಿಟ್ಟುಕೊಳ್ಳಿ. ಪೈಪಿನ ಮೇಲೆ ಪೈಪು ಇಳಿಯುವಾಗ ‘ಇನ್ನೊಂದು ನೂರಡಿ’ ಅನ್ನುವ ಆಸೆ ಎಂಥವರನ್ನೂ ಬಿಡುವುದಿಲ್ಲ.

ನೀವು ಕೇಳದ ಒಂದು ವಿಷಯ ಇದೆ. ಈಗಿನ 1,100 ಅಡಿ ಬೋರಿನ ನೀರನ್ನು ಮನೆಯಲ್ಲಿ ಕುಡಿಯುತ್ತಿದ್ದೀರಾ? ಗ್ರಾನೈಟ್ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಹೆಚ್ಚು ಕಾಲ ಕಲ್ಲಿನ ಜತೆ ಇದ್ದಷ್ಟೂ ಅದು ಕರಗಿ ಬರುತ್ತದೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ತನಕ. ಅದನ್ನು ದಾಟಿದರೆ ಮಕ್ಕಳ ಹಲ್ಲು ಕಂದು ಬಣ್ಣವಾಗುತ್ತದೆ, ಇನ್ನೂ ಜಾಸ್ತಿಯಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಒಂದು ಶುಭ್ರ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ತುಂಬಿ, ಬೋರಿನ ಆಳ ಬರೆದು, ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ಪಂಚಾಯಿತಿಯಲ್ಲಿ ವಿಳಾಸ ಸಿಗುತ್ತದೆ. ಫಲಿತಾಂಶ ಬರುವ ತನಕ ಊರಿನ ಶುದ್ಧ ನೀರಿನ ಘಟಕದ ನೀರನ್ನೋ, ತಾರಸಿಯ ಮೇಲೆ ಹಿಡಿದು ಸೋಸಿ ಕುದಿಸಿದ ಮಳೆ ನೀರನ್ನೋ ಮಕ್ಕಳಿಗೆ ಕೊಡಿ.